ಬಿಸಿಲಿನ ಪೋಸ್ಟರ್, ಮಳೆಯ ಸಿನಿಮಾ

ನಮ್ಮ ‘ಎಂಟೂವರೆ’ ಕಿರುಚಿತ್ರದ ಪೋಸ್ಟರ್ ನೋಡಿದವರೆಲ್ಲ ಹೆಚ್ಚೂಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. ಮಡಿಕೇರಿಯ ಕಾಲೇಜು ಮಕ್ಕಳು ಮಾಡಿದ್ದು ಅಂತೀರಿ, ಮಂಜೇ ಕಾಣಿಸುತ್ತಿಲ್ಲವಲ್ಲ? ಮಂಜೂ ಇಲ್ಲ, ಹಸಿರೂ ಇಲ್ಲ, ಬೆಟ್ಟವೂ ಇಲ್ಲ. ಅದರಲ್ಲಿರುವುದು ಮಾರ್ಚ್ ತಿಂಗಳ ನಡುಹಗಲಿನ ಬಿಸಿಲು, ಒಣಗಿ ಕಂದಾದ ಹುಲ್ಲು, ನೇರ ಮೇಲಿನಿಂದ ನೋಡಿದರೆ ಕಾಣುವ, ಮಳೆ ಅಳೆಯುವ ರೇನ್‌ಗೇಜಿನ ದುಂಡು ಬಾಯಿ, ಅದರೊಳಗೆ ಬಿದ್ದ ಒಂದು ಸಿಲ್ವರ್ ಓಕ್ ಎಲೆ, ಕೆಳಗೆ ಪೆನ್ಸಿಲಿನಲ್ಲಿ ಬರೆದ ‘11–40’ ಎಂಬ ಅಂಕಿ. ಸಿನಿಮಾ ಮೆಚ್ಚಿಕೊಂಡವರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕೇಳುವವರಲ್ಲಿ ಹೊರಗಿನವರಷ್ಟೇ ನಮ್ಮ ಊರಿನವರೂ ಇರುವುದು ನನ್ನನ್ನು ಹೆಚ್ಚು ಕಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಲೆಯ ಮೇಲೆ ಒಣಗಿಸುವ ನಮಗೆ ಮಂಜೆಂದರೆ ಏನು ಅಂತ ಗೊತ್ತು. ಆದರೂ ನಮ್ಮ ಜಿಲ್ಲೆಯನ್ನು ಚಿತ್ರದಲ್ಲಿ ನೋಡುವಾಗ ಕುಶಾಲನಗರ ದಾಟಿ ಬರುವ ಪ್ರವಾಸಿಯ ಕಣ್ಣನ್ನೇ ನಾವೂ ಹಾಕಿಕೊಳ್ಳುತ್ತೇವೆ.

ಈಗ ಇದನ್ನು ಬರೆಯಲು ಕಾರಣವಿದೆ. ನಾನು ಓದಿದ ಪತ್ರಿಕೋದ್ಯಮ ವಿಭಾಗದ ಈಗಿನ ಅಂತಿಮ ವರ್ಷದವರು ಒಂದು ವೈಜ್ಞಾನಿಕ ಕಥೆಯ (ಸೈನ್ಸ್ ಫಿಕ್ಷನ್) ಕಿರುಚಿತ್ರಕ್ಕೆ ಕೈ ಹಾಕಿದ್ದಾರೆ. ಫೋನ್ ಮಾಡಿ ‘ಅಕ್ಕಾ, ನಿಮ್ಮ ಪೋಸ್ಟರಿನ ಫೈಲ್ ಕೊಡ್ತೀರಾ? ಬ್ರ್ಯಾಂಡಿಂಗ್ ಹೇಗೆ ಮಾಡಿದ್ರಿ ಅಂತ ಹೇಳ್ತೀರಾ?’ ಎಂದರು. ಫೈಲ್ ಕಳಿಸಿದೆ. ಎರಡನೆಯದಕ್ಕೆ ಫೋನಿನಲ್ಲಿ ಉತ್ತರ ಹೇಳಲು ಹೊರಟರೆ ಮಾತು ಪೋಸ್ಟರಿನಲ್ಲಿ ನಿಲ್ಲದೆ ಚೇರಂಬಾಣೆಯ ಒಂದು ತೋಟದ ಮನೆಗೆ ಹೋಯಿತು. ನಮ್ಮ ಸಿನಿಮಾದ ಹೆಸರು, ಪೋಸ್ಟರ್, ಟ್ರೈಲರ್ ಎಲ್ಲವೂ ಹುಟ್ಟಿದ್ದು ಅಲ್ಲಿ. ಆಗ ನಾವು ಬ್ರ್ಯಾಂಡಿಂಗ್ ಎಂಬ ಪದ ಬಳಸಿರಲೂ ಇಲ್ಲ.

ಅಜ್ಜನ ಮಳೆಪುಸ್ತಕ

ನಮ್ಮ ತಂಡದಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದ ಗೆಳೆಯನ ಅಜ್ಜ ದಿನವೂ ಬೆಳಿಗ್ಗೆ ಮಳೆ ಅಳೆಯುತ್ತಾರೆ. ಕೊಡಗಿನಲ್ಲಿ ಇದು ವಿಶೇಷದ ಸಂಗತಿ ಅಲ್ಲ. ತೋಟವಿರುವ ಅನೇಕ ಮನೆಗಳ ಅಂಗಳದಲ್ಲಿ ರೇನ್‌ಗೇಜ್ ಇದೆ, ಒಳಗೆ ಮೇಜಿನ ಡ್ರಾಯರಿನಲ್ಲಿ ಪುಸ್ತಕವಿದೆ. ಐದಿಂಚು ಅಗಲದ ಬಾಯಿ, ಕೆಳಗೆ ಬಾಟಲಿ, ಅಳೆಯಲು ಗೆರೆ ಹಾಕಿದ ಗಾಜಿನ ಲೋಟ. ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ; ನೂರು ಸೆಂಟಿಗೆ ಒಂದು ಇಂಚು. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟು ಕಾಲವಾದರೂ ತೋಟದವರ ಬಾಯಲ್ಲಿ ಮಳೆ ಇಂಚಿನಲ್ಲೇ ಬೀಳುತ್ತದೆ. ಹವಾಮಾನ ಇಲಾಖೆಯ ಮಳೆದಿನ ಮುಗಿಯುವುದು ಬೆಳಿಗ್ಗೆ ಎಂಟೂವರೆಗೆ. ಅಜ್ಜನೂ ಅದನ್ನೇ ಪಾಲಿಸುತ್ತಾರೆ. ಎಂಟೂವರೆಗೆ ಮನೆಯಲ್ಲಿ ಯಾರು ಏನು ಮಾತಾಡುತ್ತಿದ್ದರೂ ಅರ್ಧಕ್ಕೆ ಬಿಟ್ಟು ಎದ್ದುಹೋಗುತ್ತಾರೆ. ಮಳೆ ಬಾರದ ದಿನವೂ ಹೋಗುತ್ತಾರೆ, ಬಾಟಲಿ ಎತ್ತಿ ನೋಡುತ್ತಾರೆ, ಒಳಗೆ ಬಂದು ‘0–00’ ಎಂದು ಬರೆಯುತ್ತಾರೆ. ಬೇಸಿಗೆಯ ಪುಟಗಳಲ್ಲಿ ಆ ಸೊನ್ನೆಗಳು ಮೇಲಿನಿಂದ ಕೆಳಗಿನವರೆಗೆ ಸಾಲುಗಟ್ಟಿ ನಿಂತಿದ್ದನ್ನು ಮೊದಲ ಸಲ ನೋಡಿದಾಗಲೇ ನನಗೆ ಅದೊಂದು ಶಾಟ್ ಆಗಿ ಕಂಡಿತ್ತು.

ಪ್ರತಿ ತೋಟದ ಪುಸ್ತಕವೂ ಬೇರೆ, ಏಕೆಂದರೆ ಪ್ರತಿ ತೋಟದ ಮಳೆಯೂ ಬೇರೆ. ಭಾಗಮಂಡಲದ ಕಡೆ ವರ್ಷಕ್ಕೆ ಇನ್ನೂರು ಇಂಚು ದಾಟುವುದು ಹೊಸತಲ್ಲ. ಅದೇ ಜಿಲ್ಲೆಯ ಇನ್ನೊಂದು ತುದಿ ಕುಶಾಲನಗರದಲ್ಲಿ ಬೀಳುವುದು ಅದರ ಒಂದು ಸಣ್ಣ ಪಾಲು. ಅದಕ್ಕೇ ಮಳೆಗಾಲದಲ್ಲಿ ನೆಂಟರ ಫೋನ್ ಬಂದರೆ ಆರೋಗ್ಯ ವಿಚಾರಿಸುವ ಮೊದಲೇ ‘ನಿಮ್ಮಲ್ಲಿ ಎಷ್ಟಾಯ್ತು?’ ಎಂಬ ಪ್ರಶ್ನೆ ಬರುತ್ತದೆ. 2018ರ ಆಗಸ್ಟ್‌ವರೆಗೆ ಆ ಪ್ರಶ್ನೆಯಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು. ನಮ್ಮಲ್ಲಿ ಇಷ್ಟು ಬಿತ್ತು, ನಿಮ್ಮಲ್ಲಿ ಅಷ್ಟೇನಾ ಎಂಬ ಧಾಟಿ. ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲದ ಗುಡ್ಡಗಳು ಮನೆ, ತೋಟ, ರಸ್ತೆಗಳನ್ನು ಹೊತ್ತುಕೊಂಡು ಇಳಿದ ಮೇಲೆ ಪ್ರಶ್ನೆ ಹಾಗೇ ಉಳಿಯಿತು, ಧಾಟಿ ಬದಲಾಯಿತು. ಮರುವರ್ಷ ತೋರದಲ್ಲಿ, ಅದರ ಮರುವರ್ಷ ತಲಕಾವೇರಿಯ ಗಜಗಿರಿಯಲ್ಲಿ ಗುಡ್ಡ ಕುಸಿದಾಗ ಅದು ಇನ್ನಷ್ಟು ಗಟ್ಟಿಯಾಯಿತು. ಈಗ ಆರು ಇಂಚು ಎಂದು ಯಾರಾದರೂ ಹೇಳಿದರೆ ಆ ಕಡೆಯವರು ಒಂದು ಕ್ಷಣ ಸುಮ್ಮನಾಗುತ್ತಾರೆ.

ಸಿನಿಮಾಕ್ಕೆ ನಮಗೆ ಅಜ್ಜನ ಪುಸ್ತಕ ಬೇಕಿತ್ತು. ಅಜ್ಜನೂ ಬೇಕಿತ್ತು, ಅವರಿಗಿಂತ ಸಹಜವಾಗಿ ಬಾಟಲಿ ಎತ್ತುವ ನಟ ಎಲ್ಲಿಯೂ ಸಿಗುವುದಿಲ್ಲ. ಅವರು ಒಪ್ಪಿದರು. ಕ್ಯಾಮೆರಾ ಇಟ್ಟೆವು, ಮೇಜಿನ ಮೇಲೆ ಪುಸ್ತಕ ಬಿಡಿಸಿದೆವು. ‘ಅಜ್ಜ, ಈ ಪುಟದಲ್ಲಿ 1–10 ಅಂತ ಬರೀಬೇಕು’ ಎಂದೆ. ಪೆನ್ನು ಕೈಯಲ್ಲಿತ್ತು, ಬರೆಯಲಿಲ್ಲ. ‘ಇವತ್ತು ಮಳೆ ಎಲ್ಲಿ ಬಂತು ಮಗಾ?’ ಎಂದರು. ಕಥೆಗೋಸ್ಕರ ಅಜ್ಜ, ಆಮೇಲೆ ಹೊಡೆದುಹಾಕಬಹುದು ಎಂದು ಮೊಮ್ಮಗ ಹೇಳಿದ. ಅಜ್ಜ ಸಿಟ್ಟಾಗಲಿಲ್ಲ. ಪುಸ್ತಕ ಮಡಚಿ ತೊಡೆಯ ಮೇಲಿಟ್ಟುಕೊಂಡು ಹೇಳಿದರು: ‘ನಿಮ್ಮ ಸಿನಿಮಾದಲ್ಲಿ ಎಷ್ಟು ಬೇಕಾದರೂ ಸುರೀಲಿ. ಇದರಲ್ಲಿ ಬಿದ್ದಷ್ಟೇ.’ ನಾವು ಮೂರ್ನಾಡಿಗೆ ಹೋಗಿ ಅಂಥದ್ದೇ ಉದ್ದನೆಯ ಲೆಕ್ಕದ ಪುಸ್ತಕ ಕೊಂಡುತಂದೆವು. ಟೀ ಸೊಪ್ಪಿನ ಡಿಕಾಕ್ಷನ್ ಸವರಿ, ಕಣದಲ್ಲಿ ಒಣಗಿಸಿ, ಹಳತು ಮಾಡಿದೆವು. ಅದರಲ್ಲಿ ಬರೆಯಲು ಅಜ್ಜನಿಗೆ ಯಾವ ತಕರಾರೂ ಇರಲಿಲ್ಲ. ಒಂದು ತಿಂಗಳ ಅಂಕಿಗಳನ್ನು ನಿಧಾನವಾಗಿ, ಅಂದವಾಗಿ ಬರೆದುಕೊಟ್ಟರು. ಅವರ ಅಸಲಿ ಪುಸ್ತಕ ಚಿತ್ರೀಕರಣ ಮುಗಿಯುವವರೆಗೂ ಡ್ರಾಯರಿನಲ್ಲೇ ಇತ್ತು.

ಅಂದು ರಾತ್ರಿ ಚಿತ್ರಕಥೆಯ ಕೊನೆ ಬದಲಾಯಿತು.

ಯಂತ್ರ ಹೇಳಿದ ಆಗಸ್ಟ್

ಕಥೆಯನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನಮ್ಮ ಪಂಚಾಯಿತಿಗಳಲ್ಲಿ ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆಮಾಪಕಗಳಿವೆ. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಇಂಥ ಯಂತ್ರಗಳ ಒಳಗೆ ಸಾಮಾನ್ಯವಾಗಿ ಇರುವುದು ಸರಳವಾದ, ನನಗೆ ತುಂಬ ಇಷ್ಟವಾದ ಒಂದು ವ್ಯವಸ್ಥೆ. ನಡುವೆ ಆಧಾರವಿಟ್ಟ ಎರಡು ಪುಟ್ಟ ಬಟ್ಟಲು. ಒಂದು ತುಂಬಿದರೆ ಮಗುಚುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಮಗುಚುವಿಕೆಗೂ ಒಂದು ಸ್ವಿಚ್ ಮುಚ್ಚಿ ತೆರೆಯುತ್ತದೆ, ಅಷ್ಟು ಮಳೆ ಎಂದು ದಾಖಲಾಗುತ್ತದೆ. ಟಕ್. ಟಕ್. ಮಳೆ ಜೋರಾದರೆ ಟಕಟಕ. ನಮ್ಮ ಕಥೆಯಲ್ಲಿ ಇಂಥದೊಂದು ಯಂತ್ರ ಮಾರ್ಚ್ ತಿಂಗಳ ಉರಿಬಿಸಿಲಿನಲ್ಲಿ, ಒಂದು ಹನಿಯೂ ಬೀಳದಿರುವಾಗ, ಮಗುಚಲು ಶುರುಮಾಡುತ್ತದೆ. ಪಂಚಾಯಿತಿ ಕಚೇರಿಯಲ್ಲಿ ತಾತ್ಕಾಲಿಕ ಕೆಲಸಕ್ಕಿರುವ ಹುಡುಗಿಯೊಬ್ಬಳು ಪರದೆಯ ಮೇಲೆ ನೋಡುತ್ತಾಳೆ: ಅಂಕಿಗಳ ಮುಂದಿರುವ ದಿನಾಂಕ ಇನ್ನೂ ಬಂದಿಲ್ಲ.

ಆಕೆಯ ಅಜ್ಜ ಮಳೆ ಬರೆಯುವವರು. ಮೊದಲ ಪರೀಕ್ಷೆ ಹೂಮಳೆಯದು. ಕಾಫಿ ಬೆಳೆಯುವವರಿಗೆ ವಿವರಿಸಬೇಕಿಲ್ಲ. ಮಾರ್ಚ್ ಹೊತ್ತಿಗೆ ಒಂದು ಇಂಚಿನಷ್ಟು ಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ರೊಬಸ್ಟಾ ಕಾಫಿ ತೋಟ ಬೆಳ್ಳಗೆ ಅರಳುತ್ತದೆ. ಬಾರದಿದ್ದರೆ ತೋಡಿನಿಂದಲೋ ಕೆರೆಯಿಂದಲೋ ಡೀಸೆಲ್ ಪಂಪಿನಲ್ಲಿ ನೀರೆತ್ತಿ ಸ್ಪ್ರಿಂಕ್ಲರ್ ಹಾಕಬೇಕು. ಅಕ್ಕಪಕ್ಕದವರೆಲ್ಲ ಪಂಪ್ ಹೂಡಿದ್ದಾರೆ. ಮೊಮ್ಮಗಳು ‘ಬೇಡ ಅಜ್ಜ, ಶುಕ್ರವಾರ ಒಂದು ಇಂಚು ಹತ್ತು ಸೆಂಟು ಬರುತ್ತೆ’ ಎನ್ನುತ್ತಾಳೆ. ಅಜ್ಜ ಪಂಪ್ ಹಾಕದೆ ಕಾಯುತ್ತಾರೆ. ಶನಿವಾರ ಬೆಳಿಗ್ಗೆ ಎಂಟೂವರೆಗೆ ಲೋಟದಲ್ಲಿ 1–10. ಅದಾದ ಮೇಲೆ ಯಂತ್ರ ಆಗಸ್ಟ್ ತಿಂಗಳ ಅಂಕಿಗಳನ್ನು ಕಳಿಸತೊಡಗುತ್ತದೆ. ಆಟಿ ತಿಂಗಳ ಕೊನೆಯ ಒಂದು ದಿನ: 289.6 ಮಿಲಿಮೀಟರ್. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 204.5 ಮಿಲಿಮೀಟರಿಗೇ ಅತ್ಯಂತ ಭಾರೀ ಮಳೆಯ ವರ್ಗ ಶುರುವಾಗುತ್ತದೆ. ಆ ದಿನದ ನಂತರ ಯಂತ್ರದಿಂದ ಏನೂ ಬರುವುದಿಲ್ಲ.

ನಾವು ಮೊದಲು ಬರೆದಿದ್ದ ಕೊನೆಯಲ್ಲಿ ಹುಡುಗಿ ಕಚೇರಿಯಿಂದ ಕಚೇರಿಗೆ ಓಡುತ್ತಿದ್ದಳು, ಯಾರೂ ನಂಬುತ್ತಿರಲಿಲ್ಲ. ಅಜ್ಜನ ನಿರಾಕರಣೆಯ ನಂತರ ಓಟ ಹೋಯಿತು. ಬದಲಿಗೆ ಹುಡುಗಿ ಅಜ್ಜನ ಮುಂದೆ ಪುಸ್ತಕ ಇಡುತ್ತಾಳೆ. ಊರಿನವರು ಯಂತ್ರವನ್ನು ನಂಬಲಿಕ್ಕಿಲ್ಲ, ನನ್ನನ್ನೂ ನಂಬಲಿಕ್ಕಿಲ್ಲ. ನಿಮ್ಮ ಪುಸ್ತಕವನ್ನು ನಂಬುತ್ತಾರೆ, ಆಗಸ್ಟಿನ ಪುಟದಲ್ಲಿ ಬರೆಯಿರಿ ಎನ್ನುತ್ತಾಳೆ. ಬಿದ್ದಷ್ಟೇ ಬರೆದು ಬಾಳಿದ ಮನುಷ್ಯ ಬೀಳದ್ದನ್ನು ಬರೆಯಬೇಕು. ಆ ಪುಸ್ತಕಕ್ಕೆ ಊರಿನಲ್ಲಿ ಬೆಲೆ ಬಂದಿರುವುದೇ ಅವರು ಹಾಗೆ ಎಂದೂ ಬರೆಯಲಿಲ್ಲ ಎಂಬುದರಿಂದ. ನಮ್ಮ ಹದಿನಾಲ್ಕು ನಿಮಿಷದ ಸಿನಿಮಾದಲ್ಲಿ ಇರುವುದು ಇಷ್ಟೇ. ಕೊನೆಗೆ ಅವರು ಶಾಯಿಯ ಪೆನ್ನು ಕೆಳಗಿಟ್ಟು ಪೆನ್ಸಿಲ್ ತೆಗೆದುಕೊಳ್ಳುತ್ತಾರೆ.

ವೈಜ್ಞಾನಿಕ ಕಥೆಗೆ ಒಂದೇ ಒಂದು ಅಸಾಧ್ಯ ಸಾಕು, ಅದರ ಸುತ್ತ ಉಳಿದದ್ದೆಲ್ಲ ನಿಜ ಇರಬೇಕು ಎಂದು ನಾನು ನಂಬಿದ್ದೇನೆ. ಯಂತ್ರಕ್ಕೆ ಆಗಸ್ಟ್ ಹೇಗೆ ಗೊತ್ತಾಯಿತು ಎಂಬುದನ್ನು ನಾವು ವಿವರಿಸಲಿಲ್ಲ. ಆದರೆ ಬಟ್ಟಲು ಹೇಗೆ ಮಗುಚುತ್ತದೆ, ಸೆಂಟು ಹೇಗೆ ಮಿಲಿಮೀಟರ್ ಆಗುತ್ತದೆ, ಪಂಪಿಗೆ ಡೀಸೆಲ್ ಯಾರು ತರುತ್ತಾರೆ, ಇವನ್ನೆಲ್ಲ ಒಂದು ಕೂದಲೂ ಕೊಂಕದಂತೆ ತೋರಿಸಲು ಪಟ್ಟ ಶ್ರಮದ ಬಗ್ಗೆ ನನಗೆ ಈಗಲೂ ಸಂತೋಷವಿದೆ.

ನೀಲಿ ಬೆಳಕಿಲ್ಲದ ಭವಿಷ್ಯ

ತಾಂತ್ರಿಕ ಭಾಗವನ್ನು ಚಿಕ್ಕದಾಗಿ ಹೇಳುತ್ತೇನೆ, ತಮ್ಮಂದಿರು ತಂಗಿಯರು ಕೇಳಿದ್ದಾರೆ ಅಂತ. ಮಳೆಯ ಸಿನಿಮಾವನ್ನು ಮಳೆಗಾಲದಲ್ಲಿ ತೆಗೆಯಬೇಕು ಎಂದು ಹಟ ಹಿಡಿದಿದ್ದವಳು ನಾನೇ. ಬೇಸಿಗೆಗೆ ತಂದದ್ದು ಸೌಂಡ್ ಹುಡುಗ. ಶೀಟಿನ ಮಾಡಿನ ಮೇಲೆ ನಮ್ಮ ಮಳೆ ಬೀಳುವಾಗ ಎದುರಿಗಿದ್ದವರ ಮಾತೇ ಕೇಳಿಸದು, ಮೈಕಿಗೆ ಎಲ್ಲಿಂದ ಕೇಳಿಸಬೇಕು ಎಂದ. ಆ ಮಾತು ಕಥೆಗೂ ಒಳ್ಳೆಯದೇ ಮಾಡಿತು. ಬೇಸಿಗೆಗೆ ತಂದ ಮೇಲೆ ಬಟ್ಟಲಿನ ಟಕ್ ಸದ್ದು ನಿಚ್ಚಳವಾಗಿ ಸಿಕ್ಕಿತು, ಬಿಸಿಲಿನಲ್ಲಿ ಕೇಳುವ ಆ ಸದ್ದೇ ನಮ್ಮ ಏಕೈಕ ಸ್ಪೆಷಲ್ ಎಫೆಕ್ಟ್ ಆಯಿತು. ಬಟ್ಟಲನ್ನು ಮೀನು ಹಿಡಿಯುವ ಗಾಳದ ತಂಗೂಸಿಗೆ ಕಟ್ಟಿ, ಚೌಕಟ್ಟಿನ ಹೊರಗೆ ಕೂತು ಎಳೆಯುತ್ತಿದ್ದೆವು. ಹೂಮಳೆಯ ದೃಶ್ಯಕ್ಕೆ ಪಕ್ಕದ ತೋಟದವರು ಸ್ಪ್ರಿಂಕ್ಲರ್ ಹಾಕುವ ಸಂಜೆಗೆ ಕಾದು, ಇಳಿಬಿಸಿಲಿಗೆ ಎದುರಾಗಿ ಕ್ಯಾಮೆರಾ ಇಟ್ಟೆವು, ಹನಿಗಳೆಲ್ಲ ಬೆಳಗಿದವು. ಪಂಚಾಯಿತಿ ಕಚೇರಿಯ ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಬೆಳಕು ಅಲುಗುವುದನ್ನು ತಪ್ಪಿಸಲು ಶಟರ್ 1/50ರಲ್ಲಿಟ್ಟಿದ್ದೆವು. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಹೊಂದಿಕೊಳ್ಳುವ ವೇಗವೇ ಬೇಕು.

ದುಡ್ಡಿಲ್ಲ ಎಂಬ ಅಳುಕು ಎಲ್ಲ ವಿದ್ಯಾರ್ಥಿಗಳಿಗೂ ಇರುತ್ತದೆ, ಅದರಲ್ಲೂ ವಿಜ್ಞಾನದ ಕಥೆ ಎಂದರೆ. ತರಗತಿಯಲ್ಲಿ ನಮ್ಮ ಮೇಷ್ಟ್ರು 1962ರ ‘ಲಾ ಜೆಟೆ’ ತೋರಿಸಿದ್ದು ಆಗ ನೆರವಾಯಿತು. ಕ್ರಿಸ್ ಮಾರ್ಕರ್ ಮಾಡಿದ ಆ 28 ನಿಮಿಷದ ಚಿತ್ರ ಹೆಚ್ಚೂಕಡಿಮೆ ಪೂರ್ತಿ ಸ್ಥಿರಚಿತ್ರಗಳಿಂದಲೇ ಕಟ್ಟಿದ್ದು. ಮೂರನೇ ಮಹಾಯುದ್ಧ, ಕಾಲಪ್ರಯಾಣ ಎಲ್ಲವೂ ಫೋಟೋ ಮತ್ತು ಒಂದು ದನಿಯಲ್ಲಿ ನಡೆದುಹೋಗುತ್ತದೆ. ಮುಂದೆ ‘ಸ್ಟಾರ್ ವಾರ್ಸ್’ ಮಾಡಿದ ಜಾರ್ಜ್ ಲ್ಯೂಕಾಸ್ 1967ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕಿರುಚಿತ್ರವೂ ಸೆಟ್ ಹಾಕದೆ ಇದ್ದ ಕಟ್ಟಡಗಳ ಮೊಗಸಾಲೆಗಳಲ್ಲೇ ಭವಿಷ್ಯ ತೋರಿಸಿತ್ತು. ಅದರ ಹೆಸರು ‘ಎಲೆಕ್ಟ್ರಾನಿಕ್ ಲ್ಯಾಬಿರಿಂತ್: ಟಿಎಚ್‌ಎಕ್ಸ್ 1138 4ಇಬಿ’, ಒಂದೇ ಉಸಿರಿನಲ್ಲಿ ಹೇಳಲಾಗದ್ದು. ನಾಲ್ಕು ವರ್ಷದ ನಂತರ ಅದು ಪೂರ್ಣ ಚಿತ್ರವಾದಾಗ ಹೆಸರನ್ನು ಕತ್ತರಿಸಿದರು. 1983ರಲ್ಲಿ ಚಿತ್ರಮಂದಿರಗಳ ಧ್ವನಿಯ ಗುಣಮಟ್ಟಕ್ಕೆ ಅವರ ಸಂಸ್ಥೆ ಒಂದು ವ್ಯವಸ್ಥೆ ತಂದಾಗ ಅದರಲ್ಲಿನ ‘ಟಿಎಚ್‌ಎಕ್ಸ್’ ಎಂಬ ಮೂರು ಅಕ್ಷರಗಳಷ್ಟೇ ಮತ್ತೆ ಬಂದವು. ಆ ಧ್ವನಿ ವ್ಯವಸ್ಥೆ ರೂಪಿಸಿದ ಟಾಮ್‌ಲಿನ್ಸನ್ ಹೋಲ್ಮನ್ ಹೆಸರಿನ ಮೊದಲಕ್ಷರಗಳೂ ಅದರಲ್ಲಿದ್ದವು. ಹೆಸರು ಚಿಕ್ಕದಾಗಿದ್ದರೆ ಎಷ್ಟು ದೂರ ನಡೆಯುತ್ತದೆ ಎಂದು ನಾನು ಯೋಚಿಸಿದ್ದು ಆಗ.

ಸೊನ್ನೆ ಬಿದ್ದ ಜಾಗ

ಪೋಸ್ಟರಿನ ಕೆಲಸ ನಡೆದದ್ದು ವಿರಾಜಪೇಟೆಯಲ್ಲಿ, ನಮ್ಮ ಡಿಸೈನ್ ಗೆಳತಿಯ ಮನೆಯ ಮಹಡಿಯಲ್ಲಿ. ಆ ರಾತ್ರಿ ನನಗೆ ವಿವರವಾಗಿ ನೆನಪಿದೆ. ಅವಳಮ್ಮ ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ ತಂದಿಟ್ಟಿದ್ದರು. ಲ್ಯಾಪ್‌ಟಾಪಿನಲ್ಲಿ ಎರಡು ಮಾದರಿ ತೆರೆದಿದ್ದವು. ಒಂದರಲ್ಲಿ ಮಡಿಕೇರಿಯ ಪ್ರವಾಸಿ ತಾಣ ರಾಜಾಸೀಟ್, ಮಂಜಿನ ಅಲೆಗಳು, ಅದರ ಮೇಲೆ ತೇಲುವ ನೀಲಿ ಬೆಳಕಿನ ಉಂಗುರ. ಇನ್ನೊಂದು ಬಿಸಿಲಿನ ಹುಲ್ಲು ಮತ್ತು ರೇನ್‌ಗೇಜ್. ಮೊದಲನೆಯದು ಚೆನ್ನಾಗಿತ್ತು, ಆ ಮಾತನ್ನು ಹೇಳಲೇಬೇಕು. ಕಣ್ಣಿಗೆ ಬಿದ್ದ ಕೂಡಲೇ ಕೊಡಗು ಅಂತಲೂ ಗೊತ್ತಾಗುತ್ತಿತ್ತು, ಸೈನ್ಸ್ ಫಿಕ್ಷನ್ ಅಂತಲೂ ಗೊತ್ತಾಗುತ್ತಿತ್ತು. ಕ್ಯಾಮೆರಾ ಗೆಳೆಯ ಅದರ ಪರ ಇದ್ದ. ಅವನ ವಾದಕ್ಕೆ ತೂಕವಿತ್ತು: ಫೋನಿನ ಪರದೆ ಮೇಲೆ ಜನ ನಮಗೆ ಕೊಡುವುದು ಒಂದು ಕ್ಷಣ, ಆ ಕ್ಷಣದಲ್ಲಿ ಅವರಿಗೆ ಪರಿಚಿತವಾದದ್ದು ಕಾಣಬೇಕು, ‘ಭಾರತದ ಸ್ಕಾಟ್ಲೆಂಡ್’ ಎಂದು ಹೋಮ್‌ಸ್ಟೇ ಬೋರ್ಡುಗಳು ಇಷ್ಟು ವರ್ಷ ಕಲಿಸಿಟ್ಟಿರುವುದನ್ನು ನಾವು ಯಾಕೆ ಬಳಸಬಾರದು?

ಡಿಸೈನ್ ಗೆಳತಿ ಉತ್ತರ ಕೊಡಲಿಲ್ಲ. ನಮ್ಮ ಸಿನಿಮಾದಲ್ಲಿ ಮಂಜು ಎಷ್ಟನೇ ನಿಮಿಷಕ್ಕೆ ಬರುತ್ತದೆ ಎಂದು ಕೇಳಿದಳು. ಬರುವುದೇ ಇಲ್ಲ. ನೀಲಿ ಬೆಳಕು? ಅದೂ ಇಲ್ಲ. ಅಂದಮೇಲೆ ಆ ಪೋಸ್ಟರ್ ನೋಡಿ ಬಂದವರು ಹದಿನಾಲ್ಕು ನಿಮಿಷವೂ ಬಾರದ ಮಂಜಿಗೆ ಕಾಯುತ್ತಾರೆ, ಎದುರಿಗಿರುವ ಅಜ್ಜನನ್ನು ನೋಡುವುದಿಲ್ಲ ಎಂದಳು. ಸೌಂಡ್ ಹುಡುಗ ಆಗ ಮೆಲ್ಲಗೆ ‘ಬಿದ್ದಷ್ಟೇ’ ಅಂದ. ಕೋಣೆಯಲ್ಲಿದ್ದವರೆಲ್ಲರಿಗೂ ಅರ್ಥವಾಯಿತು. ಆಮೇಲೆ ವಾದ ಮುಂದುವರಿಯಲಿಲ್ಲ. ಕ್ಯಾಮೆರಾ ಗೆಳೆಯ ತಾನೇ ಎದ್ದು, ಬಿಸಿಲಿನ ಚಿತ್ರವನ್ನು ಇನ್ನೂ ನೇರ ಮೇಲಿನಿಂದ ತೆಗೆಯಬೇಕಿತ್ತು, ನಾಳೆ ಏಣಿ ಹಾಕಿ ತೆಗೆದುಕೊಡುತ್ತೇನೆ ಎಂದ. ಆ ಏಣಿಯ ಮೇಲಿನಿಂದ ತೆಗೆದದ್ದೇ ಈಗಿನ ಪೋಸ್ಟರ್.

ಇನ್ನು ಅಕ್ಷರದ ಕಥೆ. ಸೈನ್ಸ್ ಫಿಕ್ಷನ್ ಶೀರ್ಷಿಕೆ ಎಂದರೆ ಎಲ್ಲರ ಕಣ್ಣಲ್ಲಿ ಮೂಲೆಮೂಲೆಯಾದ, ತೆಳ್ಳಗಿನ, ಅಗಲವಾಗಿ ಹರಡಿದ ಇಂಗ್ಲಿಷ್ ಅಕ್ಷರಗಳಿವೆ. ಆ ರೂಪವನ್ನು ಕನ್ನಡಕ್ಕೆ ಹೊದಿಸಲು ಹೋದರೆ ನಮ್ಮ ದುಂಡು ಅಕ್ಷರಗಳು ಮುರಿದುಬೀಳುತ್ತವೆ. ಒತ್ತಕ್ಷರ ಇದ್ದರೆ ಕೆಳಗೆ ಜಾಗ ಬೇಕು, ತಲೆಕಟ್ಟಿಗೆ ಮೇಲೆ ಜಾಗ ಬೇಕು. ಎರಡು ಸಾಲಿನ ಶೀರ್ಷಿಕೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅದರ ಮೇಲೆ ಎಡಿಟಿಂಗ್ ಸಾಫ್ಟ್‌ವೇರಿನ ತೊಂದರೆ. ಭಾರತೀಯ ಲಿಪಿಗಳಿಗೆ ಬೇಕಾದ ಪಠ್ಯದ ಆಯ್ಕೆಯನ್ನು ಸೆಟ್ಟಿಂಗಿನಲ್ಲಿ ಹುಡುಕಿ ಹಾಕದಿದ್ದರೆ ಯುನಿಕೋಡ್ ಕನ್ನಡದ ಒತ್ತಕ್ಷರಗಳು ಬಿಚ್ಚಿಕೊಂಡು ಅಕ್ಕಪಕ್ಕ ನಿಲ್ಲುತ್ತವೆ. ‘ಛಾಯಾಗ್ರಹಣ’ ಎಂಬುದು ಪರದೆಯ ಮೇಲೆ ಓದಲಾಗದ ತುಂಡುಗಳಾದಾಗ ಹೊಟ್ಟೆಯೊಳಗೆ ಆಗುವ ಸಂಕಟ ಕನ್ನಡದಲ್ಲಿ ಸಿನಿಮಾ ಮಾಡಿದ ಹುಡುಗರಿಗೆಲ್ಲ ಗೊತ್ತು. ಕೆಲವರು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಿಗೆ ಹೋಗುತ್ತಾರೆ, ಕೆಲವರು ಶೀರ್ಷಿಕೆಯನ್ನೇ ಚಿತ್ರವಾಗಿ ಮಾಡಿ ತರುತ್ತಾರೆ, ಬಹಳಷ್ಟು ಜನ ಬೇಸತ್ತು ಇಂಗ್ಲಿಷಿಗೆ ಹೊರಳುತ್ತಾರೆ. ನಮ್ಮ ಜಿಲ್ಲೆಯ ಎಷ್ಟು ಕಿರುಚಿತ್ರಗಳ ಮಾತು ಕನ್ನಡ, ಅರೆಭಾಷೆ, ಕೊಡವ ತಕ್ಕ್ ಆಗಿದ್ದೂ ಶೀರ್ಷಿಕೆ ಮಾತ್ರ ಇಂಗ್ಲಿಷಿನಲ್ಲಿರುವುದಕ್ಕೆ ಇದೂ ಒಂದು ಕಾರಣ ಇರಬಹುದು ಎಂದು ನನ್ನ ಊಹೆ.

ಗೆಳತಿ ಫಾಂಟ್ ಹುಡುಕುವುದನ್ನು ಬಿಟ್ಟು ಕಾಗದದ ಮೇಲೆ ಬರೆಯತೊಡಗಿದಳು. ‘ಎಂಟೂವರೆ’ಯಲ್ಲಿ ಒಂದೂ ಒತ್ತಕ್ಷರ ಇಲ್ಲ, ಅದು ನಮ್ಮ ಪುಣ್ಯ. ಬರೆಯುತ್ತ ಬರೆಯುತ್ತ ಮೊದಲ ಅಕ್ಷರದ ಸೊನ್ನೆಯನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು, ಆಮೇಲೆ ಕಾಗದವನ್ನು ಎತ್ತಿ ರೇನ್‌ಗೇಜಿನ ಫೋಟೋದ ಮೇಲಿಟ್ಟಳು. ಸೊನ್ನೆ ಮಳೆಮಾಪಕದ ಬಾಯಿಗೆ ಸರಿಯಾಗಿ ಕೂತಿತು. ಈಗ ಪೋಸ್ಟರಿನಲ್ಲಿ ಸೊನ್ನೆ ಬರೆದಿಲ್ಲ. ರೇನ್‌ಗೇಜಿನ ಬಾಯಿಯೇ ಆ ಜಾಗದಲ್ಲಿದೆ, ಸುತ್ತ ಉಳಿದ ಅಕ್ಷರಗಳಿವೆ. ಪೋಸ್ಟರನ್ನು ಅಂಚೆಚೀಟಿಯಷ್ಟು ಕುಗ್ಗಿಸಿ ಫೋನಿನಲ್ಲಿ ನೋಡಿದೆವು. ಎಲೆ ಮಾಯವಾಯಿತು, ಹುಲ್ಲು ಬರೀ ಕಂದು ಬಣ್ಣವಾಯಿತು, ಆದರೆ ಬಿಸಿಲಿನಲ್ಲಿ ಕಪ್ಪಗೆ ತೆರೆದ ಆ ವೃತ್ತ ಉಳಿಯಿತು.

‘ಮೊದಲ’ ಎಂಬ ಪಟ್ಟ, ಮತ್ತು ಹಾಕದ ದೃಶ್ಯ

ಪೋಸ್ಟರಿನ ಮೇಲ್ಭಾಗದಲ್ಲಿ ‘ಕೊಡಗಿನ ಮೊದಲ ವೈಜ್ಞಾನಿಕ ಕಿರುಚಿತ್ರ’ ಎಂದು ಹಾಕಿ ಎಂದು ಹಿತೈಷಿಗಳು ಬಹಳ ಹೇಳಿದರು. ಹಾಕಿದ್ದರೆ ಪತ್ರಿಕೆಯವರಿಗೆ ತಲೆಬರಹ ಸಿದ್ಧವಾಗುತ್ತಿತ್ತು. ಪೊನ್ನಂಪೇಟೆಯಲ್ಲೋ ಸೋಮವಾರಪೇಟೆಯಲ್ಲೋ ಯಾವುದೋ ಶಾಲೆಯ ಮಕ್ಕಳು ಮೊಬೈಲಿನಲ್ಲಿ ರಾಕೆಟ್ ಹಾರಿಸಿ ಸಿನಿಮಾ ಮಾಡಿರಲಿಲ್ಲ ಎಂದು ನಾವು ಯಾವ ಪುಸ್ತಕ ನೋಡಿ ಹೇಳಬೇಕು? ನಮಗಿಂತ ಮುಂಚೆ ಮಾಡಿದ ಒಬ್ಬ ಹುಡುಗಿ ಎಲ್ಲೋ ಇದ್ದು ಆ ಸಾಲು ಓದಿದರೆ ಅವಳ ಕೆಲಸವನ್ನು ನಾವು ಅಳಿಸಿದಂತೆ. ಆ ಜಾಗದಲ್ಲಿ ಏನನ್ನೂ ಬರೆಯಲಿಲ್ಲ. ಬಿಸಿಲು ಇನ್ನಷ್ಟು ಚೆನ್ನಾಗಿ ಕಂಡಿತು.

ಟ್ರೈಲರಿನ ವಿಷಯ ಇದಕ್ಕಿಂತ ಕಷ್ಟದ್ದು. 2018ರ ಆಗಸ್ಟಿನ ವಿಡಿಯೋಗಳು ನಮ್ಮೆಲ್ಲರ ಫೋನುಗಳಲ್ಲಿ ಇದ್ದವು. ಗುಡ್ಡ ಕದಲುವುದು, ಎರಡಂತಸ್ತಿನ ಮನೆ ನಿಂತ ನಿಲುವಿನಲ್ಲಿ ಜಾರುವುದು. ಅದರಲ್ಲಿ ಮೂರು ಸೆಕೆಂಡು ಹಾಕಿ, ಮೇಲೆ ಬಟ್ಟಲಿನ ಟಕಟಕ ಸದ್ದಿಟ್ಟರೆ ನೋಡಿದವರು ಬೆಚ್ಚುವುದು ಖಂಡಿತ. ಎಡಿಟಿಂಗ್ ಟೇಬಲಿನಲ್ಲಿ ಹಾಗೊಂದು ಮಾದರಿ ಸಿದ್ಧವೂ ಆಗಿತ್ತು. ನಮ್ಮ ತಂಡದಲ್ಲಿ ಊಟ, ಗಾಡಿ, ಅನುಮತಿ ಎಲ್ಲವನ್ನೂ ನೋಡಿಕೊಂಡವಳ ಮನೆ ಮಕ್ಕಂದೂರಿನ ಕಡೆಯದು. ಆ ವರ್ಷ ಅವರು ಪರಿಹಾರ ಕೇಂದ್ರದಲ್ಲಿ ಇದ್ದವರು. ಅವಳು ಪೂರ್ತಿ ನೋಡಿದಳು. ‘ಚೆನ್ನಾಗಿದೆ. ಇದು ಹಾಕಿದರೆ ನಮ್ಮಮ್ಮ ಸಿನಿಮಾಕ್ಕೆ ಬರಲ್ಲ’ ಅಂದಳು. ಅಷ್ಟೇ ಸಾಕಾಯಿತು. ಈ ಸಿನಿಮಾ ಯಾರಿಗಾಗಿ ಎಂಬುದು ಅವಳ ಆ ಒಂದು ಮಾತಿನಿಂದ ನನಗೆ ಖಚಿತವಾಯಿತು. ಅವಳಮ್ಮ ಕೂತು ನೋಡಬಲ್ಲ ಟ್ರೈಲರ್ ಮಾಡಿದೆವು: ಅಜ್ಜ ಅಂಗಳ ದಾಟುತ್ತಾರೆ, ಬಾಟಲಿ ಎತ್ತುತ್ತಾರೆ, ಖಾಲಿ. ಪುಸ್ತಕದಲ್ಲಿ 0–00. ಹಿಂದೆ ಎಲ್ಲೋ ಟಕ್ ಎಂಬ ಸದ್ದು. ಅಜ್ಜ ತಲೆ ಎತ್ತುತ್ತಾರೆ. ಮುಗಿಯಿತು. ಭಯ ಹುಟ್ಟಿಸುವುದು ಬೇಡ ಎಂದಲ್ಲ. ನಮ್ಮ ಜಿಲ್ಲೆಯ ನೋವು ನಮ್ಮ ಜಾಹೀರಾತಿಗೆ ಇರುವ ಸರಕಲ್ಲ ಎಂಬುದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ.

ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತು. ನಮ್ಮ ಕಿತ್ತಳೆಗೆ ಅದಕ್ಕೂ ಮುಂಚೆಯೇ ಬಂದಿತ್ತು. ಜಿಐ ಎಂದರೆ ಈ ಮಣ್ಣಿನಿಂದ ಬಂದದ್ದಕ್ಕೆ ಮಾತ್ರ ಈ ಹೆಸರು ಎಂಬ ಕಟ್ಟುಪಾಡು. ಬೇರೆ ಕಡೆಯ ಬೀಜ ತುಂಬಿ ಮೇಲೆ ಕೂರ್ಗ್ ಎಂದು ಬರೆಯುವಂತಿಲ್ಲ. ಪ್ರವಾಸದ ಜಾಹೀರಾತಿನಲ್ಲಿ ಇಂಥ ಕಟ್ಟು ಇಲ್ಲ. ಮಂಜಿನ ಹಿಂದೆ ಯಾವ ಕಥೆ ಬೇಕಾದರೂ ಇರಬಹುದು, ಯಾವ ಊರು ಬೇಕಾದರೂ ಇರಬಹುದು. ನಮ್ಮ ಸಿನಿಮಾದ ಮಂಜಿಲ್ಲದ ಪೋಸ್ಟರ್ ಕೊಡಗಿನದ್ದೇ ಎಂದು ನಾನು ಹೇಳುವುದು ಈ ಅರ್ಥದಲ್ಲಿ. ಅಂಗಳದಲ್ಲಿ ರೇನ್‌ಗೇಜ್ ನೆಟ್ಟು, ಬಿಸಿಲಿನಲ್ಲೂ ಅದರ ಬಾಯಿ ಇಣುಕಿ ನೋಡಿ ಸೊನ್ನೆ ಬರೆಯುವ ಊರಿನಿಂದಲೇ ಆ ಚಿತ್ರ ಬರಬೇಕು.

ಇಂಚೋ ಮಿಲಿಮೀಟರೋ

ಹೊರಗಿನ ಚಿತ್ರೋತ್ಸವಗಳಿಗೆ ಕಳಿಸಲು ಇಂಗ್ಲಿಷ್ ಸಬ್‌ಟೈಟಲ್ ಮಾಡುವಾಗ ಕೊನೆಯ ಚರ್ಚೆ ನಡೆಯಿತು. ಹೊರಗಿನವರಿಗೆ ಸೆಂಟು ಎಂದರೆ ದುಡ್ಡೋ ಜಾಗದ ಅಳತೆಯೋ ಅನ್ನಿಸೀತು, ಎಲ್ಲವನ್ನೂ ಮಿಲಿಮೀಟರ್ ಮಾಡಿಬಿಡೋಣ ಎಂದು ಕೆಲವರ ಅಭಿಪ್ರಾಯ. ಆದರೆ ಸಿನಿಮಾದೊಳಗೆ ಎರಡು ಅಳತೆಗಳೂ ಇವೆ, ಎರಡು ತಲೆಮಾರುಗಳ ಹಾಗೆ. ಯಂತ್ರ ಮಿಲಿಮೀಟರಿನಲ್ಲಿ ಹೇಳುತ್ತದೆ, ಅಜ್ಜ ಇಂಚಿನಲ್ಲಿ ಬರೆಯುತ್ತಾರೆ, ನಡುವೆ ಹುಡುಗಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ 25.4ರಿಂದ ಭಾಗಿಸುತ್ತಾಳೆ. ಆ ಭಾಗಾಕಾರ ಮುಗಿದಾಗಲೇ ಅಂಕಿ ಅವಳಿಗೆ ಭಯವಾಗಿ ತಟ್ಟುವುದು, 289.6 ಎಂಬುದು ಬರೀ ಒಂದು ಸಂಖ್ಯೆ, ಹನ್ನೊಂದು ಇಂಚು ನಲವತ್ತು ಸೆಂಟು ಎಂದರೆ ಏನೆಂದು ಅವಳ ಮೈಗೆ ಗೊತ್ತು. ಸಬ್‌ಟೈಟಲಿನಲ್ಲಿ ಅವರವರು ಹೇಳಿದ ಅಳತೆಯೇ ಇರಲಿ ಎಂದು ತೀರ್ಮಾನವಾಯಿತು.

ಕಾಲೇಜಿನ ಸಭಾಂಗಣದಲ್ಲಿ ಪ್ರದರ್ಶನವಾದ ದಿನ ಅಜ್ಜ ಮುಂದಿನ ಸಾಲಿನಲ್ಲಿ ಕೂತಿದ್ದರು, ಅವರ ಪಕ್ಕದಲ್ಲಿ ಮಕ್ಕಂದೂರಿನ ಆ ಅಮ್ಮ. ದೀಪ ಹಾಕಿದ ಮೇಲೆ ಎಲ್ಲರೂ ಅಜ್ಜನ ನಟನೆಯನ್ನು ಹೊಗಳುತ್ತಿದ್ದರೆ ಅವರು ನನ್ನನ್ನು ಹತ್ತಿರ ಕರೆದರು. 11–40ನ್ನು 25.4ರಿಂದ ಗುಣಿಸಿದರೆ 289.56 ಆಗಬೇಕಲ್ಲ, ಪರದೆ ಮೇಲೆ 289.6 ಯಾಕೆ ಇತ್ತು ಎಂದು ಕೇಳಿದರು. ಸಿನಿಮಾ ನಡೆಯುವಾಗ ಟಿಕೆಟಿನ ಹಿಂದೆ ಗುಣಿಸಿ ನೋಡಿದ್ದರು. ನಮ್ಮ ಕಥೆಯ ಯಂತ್ರದ ಬಟ್ಟಲು ಒಂದು ಸಲ ಮಗುಚಿದರೆ 0.2 ಮಿಲಿಮೀಟರ್ ಅಜ್ಜ, ಅದಕ್ಕಿಂತ ಸಣ್ಣದನ್ನು ಅದು ಲೆಕ್ಕ ಹಾಕಲಾರದು; 1448 ಸಲ ಮಗುಚಿದರೆ 289.6 ಎಂದೆ. ಅವರು ಟಿಕೆಟನ್ನು ತಿರುಗಿಸಿ, ಉಳಿದಿದ್ದ ಖಾಲಿ ಜಾಗದಲ್ಲಿ ಅದನ್ನೂ ಗುಣಿಸಿ ನೋಡಿ, ‘ಸರಿಯಾಗಿದೆ’ ಅಂದರು.